ಅದನ್ನ ಕಳಸಬ್ಯಾಡ್ರಿ

ವೈನಿಯ ಬಲಗೈ ಬೆರಳುಗಳ ತುದಿ ಯಾವಾಗಲೂ ಬಿಳಿಚಿ ಸುಕ್ಕುಗಟ್ಟಿರುತ್ತಿತ್ತು, ಈಗಷ್ಟೇ ಒಂದು ಬುಟ್ಟಿ ಬಟ್ಟೆ ಒಗೆದು ಬಂದವರ ಹಾಗೆ. ಕೈ ಒಣಗಿದ ಮೇಲೆ ಚರ್ಮದ ಮೇಲೆ ಸಣ್ಣಗೆ ಉಪ್ಪು ಹೊಳೆಯುತ್ತಿತ್ತು. ಆ ಕೈಯ ಹಸಿರು ಬಳೆಗಳನ್ನು ಏರುವಷ್ಟು ಮೇಲಕ್ಕೆ ಏರಿಸಿ, ಕೆಳಗೆ ಜಾರದಂತೆ ಮಗ್ಗದ ನೂಲಿನಿಂದ ಒಂದು ಕಟ್ಟು ಹಾಕುತ್ತಿದ್ದರು. ಬಳೆ ತೆಗೆದಿಡಲು ಅವ್ವ ಬಿಡುತ್ತಿರಲಿಲ್ಲ, ಬಳೆ ತೊಟ್ಟಿಯ ಗಾಜಿಗೆ ಬಡಿಯುವುದು ಮೀನುಗಳಿಗೆ ಆಗುತ್ತಿರಲಿಲ್ಲ. ಅದಕ್ಕೇ ಆ ನೂಲು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿ ತೊಟ್ಟಿಯ ಪಕ್ಕದ ಮೊಳೆಗೆ ಸಿಕ್ಕಿಸುತ್ತಿದ್ದರು. ಈಗಲೂ ಅಲ್ಲೇ ಇದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಮ್ಮದು ಬೋರಗಾಂವ. ಮನೆಗೆ ಹೊಂದಿಕೊಂಡು ಅಣ್ಣನ ನಾಲ್ಕು ಮಗ್ಗಗಳ ಶೆಡ್ ಇದೆ. ವೈನಿಯ ತಮ್ಮ ಕೊಲ್ಹಾಪುರದಲ್ಲಿ ಮೀನಿನ ಅಂಗಡಿ ಇಟ್ಟಿದ್ದ. ತಿನ್ನುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನು. ಕೊರೋನಾ ಬಂದಾಗ ಅಂಗಡಿ ಮುಚ್ಚಿತು. ಗಿರಾಕಿಗಳಿಗೆ ತೋರಿಸಲೆಂದು ಮುಂಭಾಗದಲ್ಲಿ ಇಟ್ಟಿದ್ದ ಆರು ಫೂಟಿನ ಸಮುದ್ರದ ತೊಟ್ಟಿಯನ್ನು ಮಾತ್ರ ಮಾರಲು ಅವನಿಗೆ ಮನಸ್ಸಾಗಲಿಲ್ಲವಂತೆ. ಕಲ್ಲು, ಹವಳ, ಮೀನು, ಪಂಪು ಎಲ್ಲವನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದು ಅಕ್ಕನ ಮನೆಯ ಪಡಸಾಲೆಯಲ್ಲಿ ಇಳಿಸಿಹೋದ.

ಅವ್ವನಿಗೆ ಹವಳ ಅಂದರೆ ಕೊರಳಲ್ಲಿ ಹಾಕಿಕೊಳ್ಳುವುದು. ಅದು ಜೀವಂತ ಇರುತ್ತದೆ, ಬೆಳಕು ಹಾಕಿದರೆ ಅರಳುತ್ತದೆ, ಆರಿಸಿದರೆ ಮುದುಡುತ್ತದೆ ಎಂದು ವೈನಿ ತೋರಿಸಿದಾಗ ಬಹಳ ಹೊತ್ತು ನೋಡಿ, “ಹಂಗಾದ್ರ ನನ್ನ ಕೊರಳಾಗಿಂದು ಹೆಣ ಏನ?” ಎಂದು ಕೇಳಿದ್ದಳಂತೆ. ಮರುದಿನ ಹವಳದ ಸರ ತೆಗೆದು ಪೆಟ್ಟಿಗೆಗೆ ಹಾಕಿದಳು. ನಮ್ಮದು ಬಸದಿಗೆ ಹೋಗುವ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಕಂದಮೂಲ ಒಳಗೆ ಬರುವುದಿಲ್ಲ. ಅಂಥ ಮನೆಯ ಪಡಸಾಲೆಯಲ್ಲಿ ಸಮುದ್ರ ಬಂದು ಕೂತಿತ್ತು.

ಇದೆಲ್ಲ ನಾನು ತವರಿಗೆ ಬರುವ ಮೊದಲಿನ ಮಾತು. ನನ್ನನ್ನು ಅಥಣಿ ಕಡೆ ಕೊಟ್ಟಿದ್ದರು. ಒಂಬತ್ತು ವರ್ಷ ಬಾಳಿ ತಿರುಗಿ ಬಂದೆ. ತಪ್ಪು ಅವರದೆಷ್ಟು, ನನ್ನದೆಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಾಯಿ ಜೋರು ಎಂಬುದು ಮಾತ್ರ ಸುಳ್ಳಲ್ಲ. ಬಂದ ದಿನ ಒಂದು ವಿಚಿತ್ರ ಕಂಡೆ. ಮನೆಯಲ್ಲಿ ಯಾವ ವಸ್ತುವೂ ಇದ್ದ ಜಾಗದಲ್ಲಿ ಇರಲಿಲ್ಲ. ಅವ್ವನ ಮಂಚ ಕಿಟಕಿ ಬಿಟ್ಟು ಗೋಡೆಗೆ ಬಂದಿತ್ತು. ಅಡುಗೆಮನೆಯ ಡಬ್ಬಿಗಳು ಮೇಲಿನವು ಕೆಳಗೆ, ಕೆಳಗಿನವು ಮೇಲೆ. ಅಣ್ಣ ತನ್ನ ಕನ್ನಡಕ ಹುಡುಕುತ್ತ ತಿರುಗುತ್ತಿದ್ದ. ಅವ್ವ ಸಕ್ಕರೆ ಅಂತ ಉಪ್ಪಿನ ಡಬ್ಬಿ ತೆರೆದು ವೈನಿಯನ್ನು ಬೈಯುತ್ತಿದ್ದಳು. ಆ ಗದ್ದಲದಲ್ಲಿ ನನ್ನ ಟ್ರಂಕಿನ ಕಡೆ ಯಾರೂ ನೋಡಲಿಲ್ಲ. ಈ ವೈನಿಗೆ ಎಲ್ಲೋ ತಲೆ ತಿರುಗಿದೆ ಎಂದುಕೊಂಡೆ.

ನನಗೆ ಮಗ್ಗದ ಕಾಂಡಿಗೆ ನೂಲು ಸುತ್ತುವ ಕೆಲಸ ಹಚ್ಚಿದರು. ಕೆಲಸ ನನಗೆ ಹಿಡಿಸಿತು, ಯಾಕೆಂದರೆ ಮಗ್ಗದ ಸಪ್ಪಳದಲ್ಲಿ ಯಾರ ಮಾತೂ ಕೇಳುವುದಿಲ್ಲ. ಆದರೆ ಅಡುಗೆಮನೆಯಲ್ಲಿ ಕೇಳುತ್ತದೆ. ಅಲ್ಲಿ ನನಗೂ ಅವ್ವನಿಗೂ ದಿನಾ ಹತ್ತುತ್ತಿತ್ತು. ಒಂದು ದಿನ ಹಿಟ್ಟಿನ ಪರಾತ ನೆಲಕ್ಕೆ ಅಪ್ಪಳಿಸಿದ್ದೆ. ಆಮೇಲೆ ಅಣ್ಣ ನಿಪ್ಪಾಣಿಯಲ್ಲಿ ನನಗೆ ಒಂದು ಬಾಡಿಗೆ ಖೋಲಿ ನೋಡುವ ಮಾತು ತೆಗೆದ. “ಅಲ್ಲೇ ಹೊಲಿಗಿ ಕೆಲಸ ಸಿಗತೈತಿ, ಅಕಿಗೂ ಸಮಾಧಾನ, ನಮಗೂ ಸಮಾಧಾನ” ಅಂದ. ಅವ್ವ ಬೇಡ ಅನ್ನಲಿಲ್ಲ. ವೈನಿ ಎದ್ದು ಹೋಗಿ ತೊಟ್ಟಿಯ ಗಾಜು ಒರೆಸತೊಡಗಿದರು. ಅವರೂ ಒಪ್ಪಿದ್ದಾರೆ ಎಂದೇ ನಾನು ತಿಳಿದೆ.

ಆ ದಿನಗಳಲ್ಲೇ ಟ್ರಿಗರ್ ಬಂತು.

ವೈನಿಯ ತಮ್ಮ ಅದೊಂದು ಮೀನನ್ನು ತನ್ನ ಮನೆಯಲ್ಲಿ ಸಣ್ಣ ತೊಟ್ಟಿಯಲ್ಲಿ ಇಟ್ಟುಕೊಂಡಿದ್ದ. ಪುಣೆಯ ಕಡೆ ನೌಕರಿ ಸಿಕ್ಕು ಹೊರಟಾಗ ಅದಕ್ಕೆ ಗತಿ ಇರಲಿಲ್ಲ. ಯಾರೂ ಒಯ್ಯಲು ತಯಾರಿರಲಿಲ್ಲ. ಹವಳದ ತೊಟ್ಟಿ ಇಟ್ಟವರಿಗೆ ಟ್ರಿಗರ್ ಅಂದರೆ ಹೆದರಿಕೆ. ಸೀಗಡಿ ತಿನ್ನುತ್ತದೆ, ಶಂಖದ ಹುಳ ಮಗುಚಿ ತಿನ್ನುತ್ತದೆ, ವಾಯರ್ ಕಡಿಯುತ್ತದೆ, ಕಲ್ಲು ಉರುಳಿಸುತ್ತದೆ ಅನ್ನುತ್ತಾರೆ. ಇದು ಆ ಜಾತಿಯಲ್ಲೇ ಸ್ವಲ್ಪ ಸಾಧು ಎಂದು ಅವನು ಹೇಳಿದ. ಬಕೆಟ್ಟಿನ ಮುಚ್ಚಳ ತೆಗೆದಾಗ ಎಲ್ಲರೂ ಬಗ್ಗಿ ನೋಡಿದೆವು. ಅಂಗೈಯಷ್ಟು ಇತ್ತು. ಬದನೆಕಾಯಿ ಬಣ್ಣ, ಬಾಲಕ್ಕೆ ಎರಡು ಉದ್ದ ಎಳೆ. ಬಾಯಿ ತೆರೆದರೆ ಎಲೆಅಡಿಕೆ ಹಾಕಿದವರ ಹಾಗೆ ಕೆಂಪು ಹಲ್ಲು.

“ಕಾರವಾರದ ಕಡೆ ಇದಕ್ಕ ಕಾರ್ಗಿಲ್ ಅಂತಾರ” ಎಂದ ಅವನು.

“ಕಾರ್ಗಿಲ್ ಅಂದ್ರ ಲಡಾಯಿ ನಡೆದಿದ್ದಲ್ಲೇನೋ?” ಎಂದಳು ಅವ್ವ. “ಮನ್ಯಾಗ ಈಗ ಇದ್ದ ಲಡಾಯಿ ಸಾಲವಲ್ದಂತೇನ?”

ಹೇಳುತ್ತ ನನ್ನ ಕಡೆ ನೋಡಿದಳು. ನಾನು ಎದ್ದು ಶೆಡ್ಡಿಗೆ ಹೋದೆ.

ಸಂಜೆ ತಿರುಗಿ ಬಂದಾಗ ವೈನಿ ಬಳೆಗಳಿಗೆ ನೂಲು ಕಟ್ಟಿಕೊಂಡು, ತೊಟ್ಟಿಯೊಳಗೆ ಕೈ ಇಳಿಸಿ, ಕಲ್ಲುಗಳನ್ನೆಲ್ಲ ಸರಿಸಿಡುತ್ತಿದ್ದರು. ಗುಡ್ಡದಂತೆ ಇದ್ದದ್ದು ಎರಡು ದಿಬ್ಬವಾಯಿತು. ಹಳೆಯ ಮೀನುಗಳು ದಿಕ್ಕು ತಪ್ಪಿ ಅತ್ತಿತ್ತ ಓಡಾಡುತ್ತಿದ್ದವು.

“ಚಲೋ ಇದ್ದದ್ದನ್ನ ಯಾಕ ಕೆಡಸಾಕತ್ತೀರಿ ವೈನಿ?” ಎಂದೆ.

“ಹೊಸ ಮೀನ ಬಿಡೂ ಮುಂದ ಹಿಂಗ ಮಾಡಬೇಕ ತಂಗೆವ್ವಾ. ಇಲ್ಲಂದ್ರ ಹಳೇವು ಇದು ನನ್ನ ಕಲ್ಲು, ಅದು ನನ್ನ ಸಂದಿ ಅಂತ ಬೆನ್ನ ಹತ್ತತಾವ. ಈಗ ನೋಡು, ಎಲ್ಲಾವೂ ತಮ್ಮ ಜಾಗಾ ಹುಡಕಾಕತ್ತಾವ. ಬಂದದ್ದರ ಕಡೆ ನೋಡಾಕ ಯಾರಿಗೆ ಪುರುಸೊತ್ತೈತಿ?”

“ಇದನ್ನ ನಿಮ್ಮ ತಮ್ಮ ಹೇಳಿಕೊಟ್ಟನೇನ?”

“ಇಲ್ಲ. ನೀ ಬಂದಾಗ ಡಬ್ಬಿ ಸರಿಸಿದ್ನಲ್ಲ, ಆವಾಗ ಗೊತ್ತಾತು ಇದು ನಡೀತೈತಿ ಅಂತ” ಎಂದರು, ಕಲ್ಲಿನಿಂದ ಕಣ್ಣು ತೆಗೆಯದೆ.

ಹೋಗಿ ಎಲ್ಲರಿಗೂ ಚಹಾ ಇಟ್ಟೆ. ಸಕ್ಕರೆ ಡಬ್ಬಿ ಹುಡುಕಲು ಆಗಲೂ ಎರಡು ನಿಮಿಷ ಹಿಡಿಯಿತು.

ಟ್ರಿಗರ್ ತೊಟ್ಟಿಗೆ ಇಳಿದದ್ದೇ ಒಂದು ಕಲ್ಲಿನ ಬಿರುಕಿನೊಳಗೆ ನುಗ್ಗಿತು. ಅದರ ಬೆನ್ನ ಮೇಲೆ ಒಂದು ಮುಳ್ಳು ಇದೆ. ಹೆದರಿದಾಗ ಅದನ್ನು ಎತ್ತಿ ನಿಲ್ಲಿಸಿ, ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ ಕಲ್ಲಿಗೆ ಸಿಕ್ಕಿಸಿಕೊಳ್ಳುತ್ತದೆ. ಎಳೆದರೆ ಬರುವುದಿಲ್ಲ. ಎರಡು ದಿನ ಬಾಲದ ತುದಿ ಮಾತ್ರ ಕಾಣುತ್ತಿತ್ತು. ಅಣ್ಣ ಒಂದು ಕೋಲು ತಂದ.

“ಎಳೀಬಾರದ್ರಿ” ಎಂದರು ವೈನಿ. “ಮುಳ್ಳ ಮುರೀತೈತಿ. ಸಂದಿ ಮುಂದ ಊಟ ಬಿಡೂನು. ತಿಂದ್ರ ತಿನ್ನಲಿ.”

ಮೂರನೆಯ ದಿನ ಹೊರಗೆ ಬಂತು.

ಊಟದ ವಿಷಯಕ್ಕೆ ಮನೆಯಲ್ಲಿ ನಿಜವಾದ ಪೇಚು ಬಿತ್ತು. ಮೊದಲಿದ್ದ ಮೀನುಗಳ ಕಾಳಿನಂಥ ಆಹಾರ ಯಾವುದರಿಂದ ಮಾಡಿದ್ದೆಂದು ಅವ್ವ ಕೇಳಿರಲಿಲ್ಲ, ವೈನಿ ಹೇಳಿರಲಿಲ್ಲ. ಟ್ರಿಗರಿಗೆ ಅದರ ಜೊತೆ ಸೀಗಡಿಯ ಚೂರೂ ಬೇಕಿತ್ತು. ಕಡಲ ಪಾಚಿಯ ಒಣ ಹಾಳೆಯನ್ನೂ ತಿನ್ನುತ್ತಿತ್ತು. “ಹಂಗಾದ್ರ ಆ ಪಾಚೀನ ಹಾಕು, ಅದು ಪುಣ್ಯದ ಊಟ” ಎಂದಳು ಅವ್ವ. ವೈನಿ ಸೌಮ್ಯವಾಗಿ ಹೇಳಿದರು: “ಅತ್ತಿ, ಮಾಂಸ ತಿನ್ನೂದಿಲ್ಲ ಅಂತ ವ್ರತ ಹಿಡದಾಕಿ ನಾನು. ಅದು ಹಿಡದಿಲ್ಲ.”

ಆ ಆಹಾರವನ್ನು ಅವರು ಮನೆಯೊಳಗೆ ಇಡಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಒಂದು ಹಳೆಯ ಸಣ್ಣ ಫ್ರಿಜ್ ಇಟ್ಟು ಅದರಲ್ಲಿ ಇಟ್ಟರು. ಬೆಳಿಗ್ಗೆ ಮೊದಲು ಮೀನಿಗೆ ಹಾಕುವುದು, ಆಮೇಲೆ ಸ್ನಾನ, ಆಮೇಲೆ ಬಸದಿ. ಮಧ್ಯಾಹ್ನ ಎರಡು ಸಲ ಚಿಮುಟದಿಂದ ಹಾಕಿ ಕೈ ತೊಳೆಯುವುದು. ಹೊತ್ತು ಮುಳುಗುವ ಮೊದಲು ಕೊನೆಯ ತುತ್ತು, ನಮ್ಮ ಊಟದ ಜೊತೆಗೇ. ಟ್ರಿಗರಿಗೆ ತೊಟ್ಟಿಯ ಎಡತುದಿಯಲ್ಲಿ ಹಾಕಿ, ಅದು ಅಲ್ಲಿ ತೊಡಗಿದಾಗ ಬಲತುದಿಯಲ್ಲಿ ಉಳಿದವಕ್ಕೆ ಹಾಕುತ್ತಿದ್ದರು. ಸ್ವಲ್ಪ ಸ್ವಲ್ಪ, ಆದರೆ ಮೇಲಿಂದ ಮೇಲೆ. ಹೊಟ್ಟೆ ತುಂಬಿದ ಟ್ರಿಗರ್ ಯಾರ ತಂಟೆಗೂ ಹೋಗುತ್ತಿರಲಿಲ್ಲ. ತೊಟ್ಟಿಯಲ್ಲಿ ಕೆಂಪು ಬೆನ್ನಿನ, ಬಿಳಿ ಪಟ್ಟೆಯ ಒಂದು ಸೀಗಡಿ ಇತ್ತು. ಅದು ಮೀನುಗಳ ಕಿವಿರು, ಬಾಯಿ ಎಲ್ಲ ಸ್ವಚ್ಛ ಮಾಡುತ್ತಿತ್ತು. ವೈನಿ ಅದಕ್ಕೆ ಡಾಕ್ಟರಬಾಯಿ ಎನ್ನುತ್ತಿದ್ದರು. ಒಂದು ದಿನ ಟ್ರಿಗರ್ ಅದರ ಮುಂದೆ ಕೆಂಪು ಹಲ್ಲು ತೆರೆದು ನಿಂತಿತ್ತು, ಡಾಕ್ಟರಬಾಯಿ ಆ ಬಾಯೊಳಗೇ ಕಾಲು ಹಾಕಿ ಕೆಲಸ ಮಾಡುತ್ತಿತ್ತು. ವೈನಿ ನಮ್ಮನ್ನೆಲ್ಲ ಕರೆದು ತೋರಿಸಿದರು. ಅಣ್ಣ ಮಗ್ಗ ನಿಲ್ಲಿಸಿ ಬಂದು ನೋಡಿದ.

ಅವರಿಗೆ ಯಾವುದಕ್ಕೂ ಅವಸರ ಇರಲಿಲ್ಲ. ಹೊಸ ಉಪ್ಪುನೀರು ಕಲಸಿದರೆ ಒಂದು ದಿನ ಬಿಟ್ಟೇ ಹಾಕುತ್ತಿದ್ದರು. “ತಡಿ, ನೀರಿಗೆ ತಿಳೀಲಿ” ಎನ್ನುವುದು ಅವರ ಮಾತು. ಸಾರು ಕುದಿಯುವಾಗಲೂ ಅದನ್ನೇ ಅನ್ನುತ್ತಿದ್ದರು, ಅಣ್ಣನಿಗೆ ಸಿಟ್ಟು ಬಂದಾಗಲೂ ಅದನ್ನೇ. ಓಡುತ್ತಿದ್ದದ್ದು ಒಂದೇ ಹೊತ್ತಿನಲ್ಲಿ. ಮಗ್ಗಗಳ ಸಪ್ಪಳ ಒಮ್ಮೆಲೇ ನಿಂತರೆ ಕರೆಂಟು ಹೋಗಿದೆ ಎಂದು ಅರ್ಥ. ಆಗ ಹಿಟ್ಟಿನ ಕೈಯಲ್ಲೇ ಎದ್ದು ತೊಟ್ಟಿಯ ಪಂಪಿಗೆ ಇನ್ವರ್ಟರ್ ಜೋಡಿಸಲು ಓಡುತ್ತಿದ್ದರು. ನಮಗೆ ಸದ್ದಾದರೆ ಎಚ್ಚರ, ಅವರಿಗೆ ಸದ್ದು ನಿಂತರೆ ಎಚ್ಚರ.

ಟ್ರಿಗರ್ ಬಂದು ಆರೇಳು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಪಡಸಾಲೆಯಲ್ಲಿ ವೈನಿ ಫೋನಿನಲ್ಲಿ ಮಾತಾಡುತ್ತಿದ್ದರು.

“ಇಲ್ಲೋ, ಅದನ್ನ ಕಳಸೂದಿಲ್ಲ... ಇವರೂ ಹೇಳಿದ್ರು, ಅತ್ತೀನೂ ಹೇಳಿದ್ರು. ನಾ ಒಪ್ಪಿಲ್ಲ... ಮೊದಮೊದಲ ಎಲ್ಲಾರನೂ ಹೆದರಿಸ್ತಿತ್ತು ಖರೆ. ಹಲ್ಲ ತೋರಸೂದು ಅದರ ಚಾಳಿ, ಕಚ್ಚೂದಿಲ್ಲ... ಅದಕ್ಕ ಹೊಟ್ಟಿ ತುಂಬ ಹಾಕಿ, ಅದರ ಮೂಲಿ ಅದಕ್ಕ ಬಿಟ್ಟಬಿಟ್ರ ತಣ್ಣಗ ಇರತೈತಿ... ಸಾಂಗ್ಲ್ಯಾಗ? ಬ್ಯಾಡೋ. ಅಲ್ಲಿ ಬಾಳೂದಿಲ್ಲ ಅದು.”

ನಮ್ಮ ಕಡೆ ಮನೆಯ ಹೆಣ್ಣುಮಕ್ಕಳಿಗೂ ಸಲಿಗೆಯಿಂದ ‘ಅದು’ ಅನ್ನುತ್ತಾರೆ. ಅವ್ವ ನನ್ನನ್ನು ಬೈಯುವಾಗಲೂ ಮುದ್ದು ಮಾಡುವಾಗಲೂ ‘ಅದು’ ಎಂದೇ ಅನ್ನುವುದು. ನಾನು ಅಕ್ಕಿಯ ಮೊರ ಅಲ್ಲೇ ಬಿಟ್ಟೆ. ಸಾಂಗ್ಲಿಯಲ್ಲಿ ನನಗೆ ಇನ್ನೊಂದು ಗಂಡು ನೋಡಿದ್ದಾರೆ, ಎಲ್ಲರೂ ಸೇರಿ ಮಾತಾಡಿಕೊಂಡಿದ್ದಾರೆ, ಇವಳಿಗೆ ಹೊಟ್ಟೆ ತುಂಬ ಹಾಕಿದರೆ ಸಾಕು ಎಂದು ತೀರ್ಮಾನಿಸಿದ್ದಾರೆ ಅನ್ನಿಸಿತು. ಎರಡು ಸೀರೆ ಚೀಲಕ್ಕೆ ತುರುಕಿ ಹೊರಗೆ ಬಂದೆ.

“ಎಲ್ಲಿಗೆ?” ಎಂದರು ವೈನಿ.

“ನನಗ ಹಲ್ಲ ಅದಾವಂತಲ್ಲ. ಕಚ್ಚೂಕಿಂತ ಮೊದಲ ಹೋಗ್ತೀನ್ರಿ.”

ಅವರು ನನ್ನ ಮುಖ ನೋಡಿದರು, ಚೀಲ ನೋಡಿದರು, ಕೈಯಲ್ಲಿದ್ದ ಫೋನು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕುಳಿತು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಯವ್ವಾ, ಮೀನದ ಮಾತಬೇ ಅದು! ಕಾರ್ಗಿಲ್ ಮಾತು! ಸಾಂಗ್ಲ್ಯಾಗ ಯಾರೋ ಒಬ್ರು ಒಯ್ತಾರಂತ, ನನ್ನ ತಮ್ಮ ಫೋನ ಮಾಡಿದ್ದ.”

ಅವ್ವ ಒಳಗಿನಿಂದ, “ಏನಾತ ಅದಕ್ಕ?” ಎಂದು ಕೂಗಿದಳು.

“ಯಾವದಕ್ಕ ಅತ್ತಿ?” ಎಂದು ವೈನಿ ಮತ್ತೆ ನಕ್ಕರು. ನನಗೂ ನಗು ಬಂತು. ಅಥಣಿಯಿಂದ ಬಂದ ಮೇಲೆ ನಾನು ನಕ್ಕದ್ದು ಆವತ್ತೇ ಮೊದಲು.

ನಗು ನಿಂತ ಮೇಲೆ ಅವರು ಚೀಲ ತೆಗೆದುಕೊಂಡು ಒಳಗಿಟ್ಟು ಬಂದರು. “ನಿನ್ನ ಮಾತ ಆಡಿದ್ರೂ ನಾ ಇದನ್ನ ಆಡತಿದ್ದೆ ಬಿಡು” ಎಂದರು. “ನಿಪ್ಪಾಣಿ ಖೋಲಿ ಬ್ಯಾಡ ಅಂತ ನಿಮ್ಮ ಅಣ್ಣಾಗ ಅವತ್ತ ಹೇಳೀನಿ. ನಿನಗ ಹೇಳಿಲ್ಲ ಅಷ್ಟ.”

ಖೋಲಿಯ ಮಾತು ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ. ಅದು ಮುಗಿದಿರಲಿಲ್ಲ ಎಂಬುದು ಭಾದ್ರಪದದಲ್ಲಿ ಗೊತ್ತಾಯಿತು.

ಆ ವರ್ಷ ನಮ್ಮ ಉಪವಾಸದ ಹಬ್ಬವಾದ ದಶಲಕ್ಷಣ ಪರ್ವದ ಹತ್ತು ದಿನ ವೈನಿ ಊರಲ್ಲಿರಲಿಲ್ಲ. ಅವರ ತಾಯಿಗೆ ಕೊಲ್ಹಾಪುರದಲ್ಲಿ ಶಸ್ತ್ರಚಿಕಿತ್ಸೆಯಾಗಿ, ಅಲ್ಲೇ ಉಳಿದಿದ್ದರು. ಹೋಗುವಾಗ ನನಗೆ ಎಲ್ಲ ತೋರಿಸಿದ್ದರು. “ನಾ ಹೆಂಗ ಹಾಕ್ತೀನಿ ಹಂಗ ಹಾಕು. ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ.”

ಎರಡು ದಿನ ಹಾಗೇ ಹಾಕಿದೆ. ನಾನು ಆ ವರ್ಷ ಏಕಾಸನ ಹಿಡಿದಿದ್ದೆ, ಅಂದರೆ ದಿನಕ್ಕೆ ಒಂದೇ ಊಟ. ಅವ್ವನದೂ ಅದೇ. ಮೂರನೆಯ ದಿನ ಬೆಳಿಗ್ಗೆ ಶೆಡ್ಡಿನ ಫ್ರಿಜ್ ತೆರೆದಾಗ ಅವ್ವ ಹಿಂದೆ ಬಂದು ನಿಂತಿದ್ದಳು. “ಪರ್ವದಾಗ ಇದನ್ನ ಮುಟ್ಟಿ ಬಸದಿಗೆ ಬರ್ತೀಯೇನ? ಮನಿಮಂದಿ ಎಲ್ಲಾ ಉಪವಾಸ. ಅದೊಂದು ಹತ್ತು ದಿನ ಪಾಚಿ ತಿಂದ್ರ ಸಾಯತೈತೇನ?”

ನನಗೂ ಹೌದೆನ್ನಿಸಿತು. ಮನೆಯಲ್ಲಿ ಅವ್ವ ಹೇಳಿದ್ದರಲ್ಲಿ ನಾನು ಎದುರಾಡದೆ ಒಪ್ಪಿದ ಮೊದಲ ಮಾತು ಅದು, ಅದರ ಖುಷಿಯೂ ಇತ್ತು. ಕಾಳನ್ನೂ ಬಿಟ್ಟೆ, ಸೀಗಡಿಯ ಚೂರನ್ನೂ ಬಿಟ್ಟೆ. ದಿನಕ್ಕೆ ಒಮ್ಮೆ, ನಾನು ಉಣ್ಣುವ ಹೊತ್ತಿಗೆ, ಒಂದು ತುಂಡು ಪಾಚಿ ಹಾಳೆ. ತೊಟ್ಟಿಗೂ ಏಕಾಸನ ಹಿಡಿಸಿದೆವು. ಅವ್ವ ಪಕ್ಕದ ಮನೆಯವರಿಗೆ ಹೆಮ್ಮೆಯಿಂದ ಹೇಳಿದಳು, “ನಮ್ಮ ಮೀನೂ ವ್ರತ ಹಿಡದಾವ.”

ಟ್ರಿಗರ್ ಮೊದಲು ಗಾಜಿನ ಹತ್ತಿರ ಬಂದು ನನ್ನ ಕೈ ನೋಡುತ್ತ ನಿಲ್ಲುತ್ತಿತ್ತು. ಆಮೇಲೆ ಕಲ್ಲು ಉರುಳಿಸತೊಡಗಿತು. ಹಳದಿ ಮೀನಿನ ಬಾಲದ ಅಂಚು ಹರಿದದ್ದು ಕಂಡೆ. ಹವಳದ ಒಂದು ಗೊಂಚಲು ಅರಳಲಿಲ್ಲ. ಫೋನಿನಲ್ಲಿ ವೈನಿ ಕೇಳಿದರೆ, “ಎಲ್ಲಾ ಆರಾಮ ಐತ್ರಿ” ಎಂದೆ. ಎಂಟನೆಯ ದಿನ ಬಸದಿಯಿಂದ ಬಂದು ನೋಡಿದರೆ ಮರಳಿನ ಮೇಲೆ ಡಾಕ್ಟರಬಾಯಿಯ ಎರಡು ಮೀಸೆ ಮತ್ತು ಒಂದು ಚೂರು ಕೆಂಪು ಚಿಪ್ಪು ಬಿದ್ದಿತ್ತು. ಅಹಿಂಸೆಯ ಹಬ್ಬದಲ್ಲಿ ನಮ್ಮ ಪಡಸಾಲೆಯಲ್ಲಿ ನಡೆದದ್ದು ಇದು.

ಅವ್ವ ಹೌಹಾರಿ, “ಕೊಟ್ಟ ಕಳಸ್ರಿ ಅದನ್ನ!” ಎಂದಳು. ನಡೆದದ್ದು ಕೇಳಿದ ಅಣ್ಣ ಅದಕ್ಕಿಂತ ಮುಂದೆ ಹೋದ. “ಒಂದು ಮೀನಕ್ಕ ಊಟಾ ಹಾಕಾಕ ಆಗೂದಿಲ್ಲ, ಕೇಳಿದ್ರ ಸುಳ್ಳ ಹೇಳ್ತೀ. ನಿಪ್ಪಾಣ್ಯಾಗ ಆ ಖೋಲಿ ಇನ್ನೂ ಖಾಲಿ ಐತಿ” ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಪರ್ವದ ಕೊನೆಯ ದಿನ, ಅನಂತ ಚತುರ್ದಶಿಯ ಮಧ್ಯಾಹ್ನ, ವೈನಿ ಬಂದರು. ಚೀಲ ಇಳಿಸಿ ತೊಟ್ಟಿಯ ಮುಂದೆ ನಿಂತರು. ಯಾರೂ ಹೇಳಬೇಕಾಗಲಿಲ್ಲ, ನೋಡಿದ್ದೇ ತಿಳಿಯಿತು. ಶೆಡ್ಡಿಗೆ ಹೋಗಿ ಡಬ್ಬಿ ತಂದು, ಮೊದಲು ಎಡತುದಿ, ಆಮೇಲೆ ಬಲತುದಿ, ಸ್ವಲ್ಪ ಸ್ವಲ್ಪವೇ ಹಾಕಿದರು. ಅವರದೂ ಆವತ್ತು ನಿರಾಹಾರ, ನೀರೂ ಕುಡಿದಿರಲಿಲ್ಲ. ಟ್ರಿಗರ್ ಚಿಮುಟವನ್ನೇ ಕಚ್ಚಿ ಎಳೆಯುತ್ತಿತ್ತು.

“ಏನ ಹಾಕಿದಿ ಇಷ್ಟು ದಿನ?” ಎಂದು ಕೇಳಿದರು.

ಹೇಳಿದೆ. ಏಕಾಸನದ ಮಾತನ್ನೂ ಹೇಳಿದೆ.

ಅವರು ಡಬ್ಬಿಯ ಮುಚ್ಚಳ ಹಾಕಿದರು. “ನಾವ ಊಟಾ ಬಿಟ್ರ ಅದು ಉಪವಾಸ ತಂಗೆವ್ವಾ” ಎಂದರು. “ಅದಕ್ಕ ನಾವ ಹಾಕದಿದ್ರ ಅದು ಬರೇ ಹಸಿವು. ಅದು ಕೆಟ್ಟದ್ದಾಗಿಲ್ಲ. ಹಸದಿತ್ತು.”

ಅಣ್ಣ ಬಾಗಿಲಲ್ಲಿ ನಿಂತಿದ್ದ. ಖೋಲಿಯ ಮಾತು ಅವನ ಬಾಯಿಗೆ ಬಂದಿತ್ತು, ನನಗೆ ಕಂಡಿತು. ವೈನಿ ಅವನ ಕಡೆ ತಿರುಗಿ, “ತಡೀರಿ” ಎಂದರು. ಅವನು ಶೆಡ್ಡಿಗೆ ಹೋದ.

ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಬರುತ್ತದೆ. ವರ್ಷದಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರಲ್ಲಿ ಕೈ ಮುಗಿದು ಕ್ಷಮೆ ಕೇಳುತ್ತೇವೆ. ವೈನಿ ಬಸದಿಯಿಂದ ಬಂದು ಅವ್ವನ ಕಾಲು ಮುಟ್ಟಿದರು, ಅಣ್ಣನಿಗೆ ಕೈ ಮುಗಿದರು, ನನಗೆ ಕೈ ಮುಗಿದರು. ಆಮೇಲೆ ತೊಟ್ಟಿಯ ಮುಂದೆ ಹೋಗಿ ನಿಂತು, ಟ್ರಿಗರ್ ಎದುರು ಬಂದ ಮೇಲೆ ಅದಕ್ಕೂ ಕೈ ಮುಗಿದು, “ಉತ್ತಮ ಕ್ಷಮಾ” ಎಂದರು. ನಗೆಯಿಲ್ಲದೆ, ನಮಗೆ ಹೇಳಿದ ಹಾಗೆಯೇ.

ಅವ್ವ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಸೆರಗು ಸರಿಮಾಡಿಕೊಂಡು ತಾನೂ ಹೋಗಿ ನಿಂತಳು. “ಪಾಚಿ ತಿನ್ನಿಸಿದ್ದು ತಪ್ಪಾತಪ್ಪಾ” ಎಂದಳು ಮೀನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. ಬಂದು ಒಂದೂವರೆ ವರ್ಷವಾದರೂ ನಾವಿಬ್ಬರೂ ಒಬ್ಬರಿಗೊಬ್ಬರು ಕೈ ಮುಗಿದಿರಲಿಲ್ಲ. ಹಿಂದಿನ ವರ್ಷ ಇಬ್ಬರೂ ಬೇಕೆಂದೇ ತಪ್ಪಿಸಿಕೊಂಡಿದ್ದೆವು. ಆವತ್ತು ಮುಗಿದೆವು. ನಾನು ವೈನಿಯ ಮುಂದೆ ಬಂದಾಗ ಬಾಯಿಂದ ಮಾತು ಹೊರಡಲಿಲ್ಲ. ಅವರು ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಿ, “ಮಧ್ಯಾಹ್ನದ್ದು ನೀ ಹಾಕು” ಎಂದರು. ಆವತ್ತಿನಿಂದ ಮಧ್ಯಾಹ್ನದ ಎರಡು ಸಲದ ಊಟ ನನ್ನ ಕೈಗೆ ಬಂತು. ಒಂದು ತಿಂಗಳ ಮೇಲೆ ಇನ್ನೊಂದು ಡಾಕ್ಟರಬಾಯಿಯನ್ನು ತರಿಸಿ, ಟ್ರಿಗರ್ ಹೊಟ್ಟೆ ತುಂಬ ಉಂಡ ಮೇಲೆ ಬಲತುದಿಯಲ್ಲಿ ಬಿಟ್ಟೆವು. ಅದು ಈಗಲೂ ಇದೆ.

ವೈನಿಯ ಕಾಯಿಲೆ ಗೊತ್ತಾದದ್ದು ಅದೇ ವರ್ಷದ ದೀಪಾವಳಿಯ ಹೊತ್ತಿಗೆ. ಹೊಟ್ಟೆಯೊಳಗಿನ ಗಂಟು. ಮಿರಜಿನ ಡಾಕ್ಟರರು ಅಣ್ಣನನ್ನು ಹೊರಗೆ ಕರೆದು ಮಾತಾಡಿದರು. ಅಷ್ಟಕ್ಕೇ ವೈನಿಗೆ ತಿಳಿಯಿತು. ಮನೆಗೆ ಬಂದ ದಿನ ಅವರು ಮಾಡಿಸಿದ ಮೊದಲ ಕೆಲಸ ಎಂದರೆ ತಮ್ಮ ಮಂಚವನ್ನು ತೊಟ್ಟಿಯ ಮುಂದೆ ಹಾಕಿಸಿದ್ದು. ಮಂಚಕ್ಕೆ ಜಾಗ ಮಾಡಲು ಮತ್ತೆ ಎಲ್ಲ ಸರಿಸಬೇಕಾಯಿತು. “ನೋಡು, ಈಗ ನಾ ಹೊಸಾಕಿ” ಎಂದರು.

ಮಲಗಿಕೊಂಡೇ ನನಗೆ ಎಲ್ಲ ಕಲಿಸಿದರು. ಆವಿಯಾಗಿ ಹೋದ ನೀರಿಗೆ ಬದಲು ಉಪ್ಪುನೀರು ಹಾಕಬಾರದು, ಸಿಹಿನೀರೇ ಹಾಕಬೇಕು, ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಕಲ್ಲನ್ನು ಮರಳಿನ ಮೇಲೆ ಇಡಬಾರದು, ತಳಕ್ಕೆ ಕೂರಿಸಬೇಕು, ಇಲ್ಲದಿದ್ದರೆ ಟ್ರಿಗರ್ ಮರಳು ಬಗೆದಾಗ ಉರುಳುತ್ತದೆ. ವಾಯರ್ ಅದಕ್ಕೆ ಕಾಣದಂತೆ ಕೊಳವೆಯೊಳಗೆ ಹಾಯಿಸಬೇಕು. ನಾನು ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ಮಂಚದ ಪಟ್ಟಿಗೆ ಬಳೆ ತಟ್ಟುತ್ತಿದ್ದರು. ಆಗ ಕೈ ತೀರ ಸಣ್ಣಗಾಗಿತ್ತು. ಬಳೆ ಮೊಳಕೈವರೆಗೆ ಸಲೀಸಾಗಿ ಹೋಗುತ್ತಿತ್ತು.

ಯುಗಾದಿ ಕಳೆದ ವಾರ, ಒಂದು ಬೆಳಿಗ್ಗೆ, ನಾನು ಮೀನಿಗೆ ಹಾಕುತ್ತಿದ್ದೆ. ಅಣ್ಣ ಅವರ ಕಾಲ ಹತ್ತಿರ ಕುಳಿತಿದ್ದ. ವೈನಿ ಕಣ್ಣು ತೆರೆದು ಈ ಕಡೆ ನೋಡಿದರು. ಮಾತು ಬಹಳ ಸಣ್ಣಗೆ ಬಂತು.

“ಅದನ್ನ ಎಲ್ಲೂ ಕಳಸಬ್ಯಾಡ್ರಿ.”

ಅಣ್ಣ, “ಇಲ್ಲ” ಎಂದ.

ನಾನು ತೊಟ್ಟಿಯ ಪಕ್ಕದಲ್ಲೇ ನಿಂತಿದ್ದೆ, ಚಿಮುಟ ನೀರಲ್ಲಿತ್ತು. ಅವರು ನೋಡಿದ್ದು ಗಾಜಿನೊಳಗೋ ಗಾಜಿನ ಹೊರಗೋ ನನಗೆ ಗೊತ್ತಾಗಲಿಲ್ಲ. ಅಣ್ಣನೂ ಕೇಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವರು ಹೋದರು. ಅಣ್ಣ ಮಗ್ಗಗಳನ್ನು ನಿಲ್ಲಿಸಿದಾಗ ನಾನು ಕರೆಂಟು ಹೋಯಿತೆಂದು ಪಂಪಿನ ಕಡೆ ಓಡಿದ್ದೆ.

ಮಾತಾಡಿಸಲು ಬಂದವರು ತೊಟ್ಟಿ ನೋಡಿ, ಇನ್ನು ಇದೆಲ್ಲ ಯಾಕೆ, ಕೊಟ್ಟುಬಿಡಿ ಎಂದರು. ಅಣ್ಣ, “ಅದನ್ನ ಕಳಸಬ್ಯಾಡ್ರಿ ಅಂತ ಅಕಿ ಹೇಳ್ಯಾಳ” ಎಂದ. ಕೆಲವು ವಾರ ಕಳೆದ ಮೇಲೆ ಚಿಕ್ಕೋಡಿಯಿಂದ ನಮ್ಮ ಸೋದರತ್ತೆ ಬಂದಳು. ಅಣ್ಣನಿಗೆ ಇನ್ನೊಂದು ಮದುವೆಯ ಮಾತು ತೆಗೆದಳು, ಬರುವವಳಿಗೆ ಮನೆಯಲ್ಲಿ ತೊಡಕು ಇರಬಾರದು, ತಂಗಿಗೆ ಎಲ್ಲಾದರೂ ವ್ಯವಸ್ಥೆ ಮಾಡು ಎಂದಳು. ನಾನು ಅಡುಗೆಮನೆಯಲ್ಲಿದ್ದೆ. ಅಣ್ಣನ ಉತ್ತರ ಕೇಳಿಸಿತು.

“ಅದನ್ನ ಕಳಸಬ್ಯಾಡ್ರಿ ಅಂತ ಅಕಿ ಹೇಳ್ಯಾಳ” ಎಂದ. ಅದೇ ಮಾತು, ಅದೇ ದನಿ.

ಸೋದರತ್ತೆಗೆ ಅರ್ಥವಾಗಲಿಲ್ಲ. “ಯಾವದನ್ನ?” ಎಂದಳು.

ಅವ್ವ ಮಂಚದಿಂದಲೇ, “ಅದನ್ನ” ಎಂದಳು.

ಈಗ ಶ್ರಾವಣ. ಮುಂದಿನ ತಿಂಗಳು ಪರ್ವ. ಈ ಸಲವೂ ಏಕಾಸನ ಹಿಡಿಯುತ್ತೇನೆ. ಟ್ರಿಗರಿಗೆ ಎಂದಿನಂತೆ ನಾಲ್ಕು ಸಲ, ಎಡತುದಿಯಲ್ಲಿ. ಕ್ಷಮಾವಾಣಿಯ ದಿನ ಕೈ ಮುಗಿಯಬೇಕಾದವರು ಒಬ್ಬರು ಕಡಿಮೆ. ವೈನಿಗೆ ನಾನು ಆವತ್ತು ಬಾಯಿಬಿಟ್ಟು ಹೇಳದೆ ಉಳಿದದ್ದು ಹಾಗೇ ಉಳಿದಿದೆ.

ಮೊಳೆಯ ಮೇಲಿನ ನೂಲು ತೆಗೆದು ಬಳೆಗೆ ಕಟ್ಟಹೋದೆ ಒಮ್ಮೆ. ಉಪ್ಪು ಹಿಡಿದು ಗಟ್ಟಿಯಾಗಿತ್ತು, ಅವರ ಕೈಯ ಸುತ್ತಳತೆಯಲ್ಲೇ ನಿಂತಿತ್ತು. ಹಾಗೇ ತಿರುಗಿ ಸಿಕ್ಕಿಸಿ, ಶೆಡ್ಡಿನಿಂದ ಬೇರೆ ನೂಲು ತಂದುಕೊಂಡೆ.